1970ರ ಪ್ಲಿಮತ್ ರೋಡ್ ರನ್ನರ್: ತುಕ್ಕಿನಿಂದ ಮೊದಲ ಸ್ಟಾರ್ಟ್‌ವರೆಗೆ

ಕೈಗೆತ್ತಿಕೊಂಡಿರುವ ಗಾಡಿ 1970ರ ಪ್ಲಿಮತ್ ರೋಡ್ ರನ್ನರ್, ಎರಡು ಬಾಗಿಲಿನ ಹಾರ್ಡ್‌ಟಾಪ್. 383 ಘನ ಇಂಚಿನ ವಿ8 ಎಂಜಿನ್, ನಾಲ್ಕು ಗೇರಿನ ಎ833 ಗೇರ್‌ಬಾಕ್ಸ್, 8¾ ಇಂಚಿನ ಹಿಂದಿನ ಆಕ್ಸಲ್. ಕಂಪನಿ ಕೊಟ್ಟ ಲೆಕ್ಕದಲ್ಲಿ 335 ಅಶ್ವಶಕ್ತಿ. 1968ರಲ್ಲಿ ಬಂದ ಈ ಬಾಡಿಗೆ 1970 ಕೊನೆಯ ವರ್ಷ. ಆ ವರ್ಷ ಮುಖ, ಹಿಂಬದಿ ಎರಡನ್ನೂ ಬದಲಿಸಿದ್ದರು. ಗ್ರಿಲ್, ಮುಂದಿನ ಫೆಂಡರ್, ಹಿಂದಿನ ಲೈಟು, ಹುಸಿ ಗಾಳಿಬಾಯಿ ಇರುವ ಹಿಂದಿನ ಕ್ವಾರ್ಟರ್ ತಗಡು (ಬಾಗಿಲಿನ ಹಿಂದೆ ಚಕ್ರದ ಸುತ್ತ ಬರುವ ಪಕ್ಕದ ತಗಡು), ಇವೆಲ್ಲ ಆ ಒಂದೇ ವರ್ಷದವು. 'ಗ್ರಿಲ್ ಒಡೆದಿದ್ದರೆ ಏನಂತೆ, ಆಮೇಲೆ ಹುಡುಕಿದರಾಯಿತು' ಎಂದುಕೊಂಡು ಅಗ್ಗಕ್ಕೆ ಸಿಕ್ಕ ಗಾಡಿ ತಂದವರಿಗೆ ಆ ಗ್ರಿಲ್ಲೇ ಎಲ್ಲಕ್ಕಿಂತ ದುಬಾರಿ ಬೀಳುತ್ತದೆ. ಗಾಡಿ ನೋಡಲು ಹೋದಾಗ ಎಂಜಿನ್‌ಗಿಂತ ಮೊದಲು ಇಂಥ ಬಿಡಿಭಾಗಗಳು ಪೂರ್ತಿ ಇವೆಯೇ ನೋಡಿ. 383 ಎಂಜಿನ್ ಇವತ್ತಿಗೂ ಸಿಗುತ್ತದೆ. ಅಸಲಿ ಗ್ರಿಲ್ ಹಾಗೆ ಸಿಗುವುದಿಲ್ಲ.

ಕೆಲಸದುದ್ದಕ್ಕೂ ಪಾಲಿಸಲೇಬೇಕಾದ ನಿಯಮ ಒಂದಿದೆ. ಬಿಚ್ಚಿದ ಹಳೆಯ ಭಾಗ ಎಷ್ಟೇ ಹಾಳಾಗಿರಲಿ, ಅದರ ಜಾಗದಲ್ಲಿ ಹೊಸದು ಕೂತು ಬೋಲ್ಟು ಬಿಗಿಯಾಗುವ ತನಕ ಅದನ್ನು ಗುಜರಿಗೆ ಹಾಕಬಾರದು. ಈಗ ಸಿಗುವ ನಕಲು ಭಾಗಗಳಲ್ಲಿ ತೂತು ಅರ್ಧ ಇಂಚು ಪಕ್ಕಕ್ಕಿರುತ್ತದೆ, ಬ್ರಾಕೆಟ್ಟೇ ಇರುವುದಿಲ್ಲ, ಬಾಗು ಬೇರೆಯಾಗಿರುತ್ತದೆ. ಅಳತೆಗೆ ಆಗ ಉಳಿಯುವುದು ಆ ತುಕ್ಕು ಹಿಡಿದ ಹಳೆಯ ತುಂಡೊಂದೇ.

ಮೊದಲು ನಂಬರು ಓದಿ

ವಿಐಎನ್ ಪಟ್ಟಿ, ಅಂದರೆ ಗಾಡಿಯ ಗುರುತಿನ ಸಂಖ್ಯೆಯ ಪಟ್ಟಿ, ಡ್ಯಾಶ್‌ನ ಎಡಮೂಲೆಯಲ್ಲಿ, ಮುಂದಿನ ಗಾಜಿನ ಕೆಳಗೆ ಕಾಣುತ್ತದೆ. ಅದು 'ಆರ್‌ಎಂ23ಎನ್0' ಎಂದು ಶುರುವಾಗಬೇಕು. ಆರ್‌ಎಂ ಎಂದರೆ ರೋಡ್ ರನ್ನರ್, 23 ಎಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, ಎನ್ ಎಂದರೆ 335 ಅಶ್ವಶಕ್ತಿಯ 383, ಸೊನ್ನೆ ಎಂದರೆ 1970. ಎನ್ ಜಾಗದಲ್ಲಿ ವಿ ಇದ್ದರೆ ಮೂರು ಕಾರ್ಬ್ಯುರೇಟರಿನ 440, ಆರ್ ಇದ್ದರೆ 426 ಹೆಮಿ. ಮುಂದಿನ ಅಕ್ಷರ ಕಾರ್ಖಾನೆಯದು: ಎ ಆದರೆ ಡೆಟ್ರಾಯಿಟ್‌ನ ಲಿಂಚ್ ರೋಡ್, ಜಿ ಆದರೆ ಸೇಂಟ್ ಲೂಯಿಸ್. ಇದೇ ಸಂಖ್ಯೆಯ ಕೊನೆಯ ಭಾಗವನ್ನು ರೇಡಿಯೇಟರ್ ಸಪೋರ್ಟಿನ ಮೇಲೂ ಡಿಕ್ಕಿಯ ರಬ್ಬರು ಕೂರುವ ಅಂಚಿನಲ್ಲೂ ಕೊರೆದಿರುತ್ತಾರೆ. ಬಣ್ಣ ಕೆರೆದು ಮೂರನ್ನೂ ತಾಳೆ ನೋಡಿ. ಡ್ಯಾಶ್ ಫ್ರೇಮಿಗೆ ಬಣ್ಣ ಹೊಡೆಯುವಾಗ ವಿಐಎನ್ ಪಟ್ಟಿಯ ಮೇಲೆ ಟೇಪ್ ಅಂಟಿಸಿ, ಪಟ್ಟಿಯನ್ನು ಮಾತ್ರ ಬಿಚ್ಚಬೇಡಿ. ಅದನ್ನು ತೆಗೆಯುವುದು, ತಿದ್ದುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ.

ಎಂಜಿನ್ ಕೋಣೆಯ ಎಡಬದಿಯ ಒಳ ಫೆಂಡರಿನ ಮೇಲೆ ಇನ್ನೊಂದು ಚಿಕ್ಕ ತಗಡಿನ ಪಟ್ಟಿ ಇದೆ. ಅದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಇ63 ಎಂದರೆ ಈ 383 ಎಂಜಿನ್, ಡಿ21 ಎಂದರೆ ನಾಲ್ಕು ಗೇರು, ಡಿ32 ಎಂದರೆ 727 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎನ್96 ಎಂದರೆ ಬಾನೆಟ್ ಮೇಲೆ ವ್ಯಾಕ್ಯೂಮ್‌ನಿಂದ ಏಳುವ 'ಏರ್ ಗ್ರ್ಯಾಬರ್' ಗಾಳಿಬಾಯಿ. ಇವಿ2 ಟಾರ್-ರೆಡ್ ಬಣ್ಣ, ಎಫ್‌ಜೆ5 ಲೈಮ್‌ಲೈಟ್, ಎಫ್‌ವೈ1 ಲೆಮನ್ ಟ್ವಿಸ್ಟ್. ಗಾಡಿ ತಯಾರಾಗಬೇಕಿದ್ದ ತಿಂಗಳು, ತಾರೀಖು ಕೂಡ ಇದರಲ್ಲೇ ಇದೆ.

ಪಾಂಟಿಯಾಕ್ ಗಾಡಿಗಳಿಗೆ ಕಾರ್ಖಾನೆಯ ದಾಖಲೆಯ ಪ್ರತಿ ತರಿಸಿಕೊಳ್ಳಬಹುದು. 1970ರ ಪ್ಲಿಮತ್‌ಗೆ ಆ ಅನುಕೂಲವಿಲ್ಲ. ಅದಕ್ಕೇ ಜೋಡಣೆಯ ಸಾಲಿನಲ್ಲಿ ಗಾಡಿಯ ಜೊತೆ ಓಡಾಡುತ್ತಿದ್ದ ಬ್ರಾಡ್‌ಕಾಸ್ಟ್ ಶೀಟ್ ಎಂಬ ಕಾಗದಕ್ಕೆ ಇಷ್ಟು ಬೆಲೆ. ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ, ಕಾರ್ಪೆಟ್ ಅಡಿ, ಪೆಟ್ರೋಲ್ ಟ್ಯಾಂಕಿನ ಮೇಲೆ, ಗ್ಲವ್ ಬಾಕ್ಸ್ ಹಿಂದೆ ಅದು ಸಿಕ್ಕಿಕೊಂಡಿರುವುದುಂಟು. ಸೀಟು ಎತ್ತಿ ಹೊರಗೆಸೆಯುವ ಮೊದಲು ಕೈಯಾಡಿಸಿ ನೋಡಿ. ಸಿಕ್ಕರೆ ಎಳೆಯಬೇಡಿ, ಅರಳಿದ ಹಪ್ಪಳದಂತೆ ಪುಡಿಯಾಗುತ್ತದೆ. ಇದ್ದಲ್ಲೇ ಫೋಟೋ ತೆಗೆದು, ಸ್ಪ್ರಿಂಗ್ ಕತ್ತರಿಸಿ ಬಿಡಿಸಿ.

ಎಂಜಿನ್ ಬ್ಲಾಕಿನ ಎರಕದ ನಂಬರು 2468130, ಹೆಡ್ಡಿನದು 2843906. ಇವು ಅಚ್ಚಿನ ನಂಬರುಗಳೇ ಹೊರತು ಅಂಗಡಿಯಲ್ಲಿ ಕೇಳುವ ಪಾರ್ಟ್ ನಂಬರಲ್ಲ. ಜಾಹೀರಾತುಗಳಲ್ಲಿ ಇವೆರಡನ್ನು ಕಲಸಿಬಿಡುತ್ತಾರೆ. ಬ್ಲಾಕಿನ ಮೇಲೆ ಎರಕದ ತಾರೀಖೂ ಇರುತ್ತದೆ. ಗಾಡಿಯ ತಾರೀಖಿಗಿಂತ ಅದು ಮೊದಲಿನದಾಗಿರಬೇಕು. ಆಮೇಲಿನದಾದರೆ ಎಂಜಿನ್ ಬದಲಾಗಿದೆ ಎಂದೇ ಅರ್ಥ, ಮಾರುವವರು ಏನೇ ಹೇಳಲಿ.

ಬಿಚ್ಚುವಾಗ

ಎಡಬದಿಯ ಚಕ್ರಗಳ ನಟ್ಟು ಎಡ ತಿರುಪಿನವು. ಪ್ಲಿಮತ್ ತಯಾರಿಸಿದ ಕಂಪನಿಯಾದ ಕ್ರೈಸ್ಲರ್ 1970ರವರೆಗೂ ಹೀಗೇ ಮಾಡಿತ್ತು. ಸ್ಟಡ್ಡಿನ ತುದಿಯಲ್ಲಿ 'ಎಲ್' ಗುರುತು ನೋಡಿ, ಬಲಕ್ಕೆ ತಿರುಗಿಸಿ ಬಿಚ್ಚಿ. ಗೊತ್ತಿಲ್ಲದೆ ಇಂಪ್ಯಾಕ್ಟ್ ಗನ್ ಹಿಡಿದರೆ ಸ್ಟಡ್ಡು ಕತ್ತರಿಸಿಹೋಗುತ್ತದೆ. ಯಾವುದೋ ಕಾಲದಲ್ಲಿ ಯಾರೋ ಒಂದೆರಡನ್ನು ಬಲ ತಿರುಪಿಗೆ ಬದಲಿಸಿರುವ ಗಾಡಿಗಳೂ ಇವೆ, ಹಾಗಾಗಿ ಒಂದೊಂದನ್ನೂ ನೋಡಿಯೇ ಕೈ ಹಾಕಿ.

ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಉದ್ದಕ್ಕೆ ಮಲಗಿರುವ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್. 383 ಇರುವ ರೋಡ್ ರನ್ನರಿಗೆ 0.90 ಇಂಚು ವ್ಯಾಸದ್ದು. ಕೆಳಗಿನ ಆರ್ಮ್‌ನಲ್ಲಿರುವ ಅಡ್ಜಸ್ಟರ್ ಬೋಲ್ಟನ್ನು ಪೂರ್ತಿ ಸಡಿಲಿಸಿ ಸ್ಪ್ರಿಂಗ್ ಒತ್ತಡ ಇಳಿಸಿ, ಹಿಂದಿನ ಆಧಾರದಲ್ಲಿರುವ ಕ್ಲಿಪ್ ತೆಗೆದು, ಬಾರನ್ನು ಹಿಂದಕ್ಕೆ ಸರಿಸಿ ಎಳೆಯಬೇಕು. ಬಾರಿನ ಮೈಗೆ ಪೈಪ್ ರೆಂಚ್ ಹಾಕುವುದು, ಸುತ್ತಿಗೆಯಿಂದ ಹೊಡೆಯುವುದು ಬೇಡವೇ ಬೇಡ. ಮೇಲ್ಮೈಯಲ್ಲಿ ಬಿದ್ದ ಗೀರು ಮುಂದೆ ಬಿರುಕಾಗಿ, ಓಡುವಾಗ ಬಾರ್ ತುಂಡಾಗಬಹುದು. ಎಡ, ಬಲದ ಬಾರುಗಳನ್ನು ಅದಲು ಬದಲು ಮಾಡುವಂತಿಲ್ಲ. ತುದಿಯಲ್ಲಿ ಗುರುತಿದ್ದರೂ ಬಿಚ್ಚಿದ ಕೂಡಲೇ ಪೇಂಟಿನಿಂದ ಬರೆದಿಡಿ.

ಮತ್ತೆ ಜೋಡಿಸುವಾಗ ಕೆಳ ಆರ್ಮ್‌ನ ಪಿವಟ್ ನಟ್ಟನ್ನು ಕೊನೆಯದಾಗಿ ಬಿಗಿಯುವುದು ಗಾಡಿ ತನ್ನ ಭಾರದಲ್ಲಿ, ತನ್ನ ಎತ್ತರದಲ್ಲಿ ನಿಂತ ಮೇಲೆ. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಇಳಿಸಿದಾಗ ಬುಷ್ ತಿರುಚಿ, ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ತಗಡಿನ ಕೆಲಸ

ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ತುಕ್ಕು ಬರೀ ಅಂದದ ಪ್ರಶ್ನೆಯಲ್ಲ. ಚುಚ್ಚಿ ನೋಡಲೇಬೇಕಾದ ಜಾಗಗಳು: ಟಾರ್ಷನ್ ಬಾರಿನ ಹಿಂದಿನ ತುದಿ ಕೂರುವ ಅಡ್ಡ ತೊಲೆ, ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ಕೊಂಡಿಯ ಸುತ್ತ ಇರುವ ರೈಲು, ಡಿಕ್ಕಿಯ ನೆಲ, ಅದರ ಎರಡೂ ಪಕ್ಕದ ಗುಂಡಿ, ಹಿಂದಿನ ಚಕ್ರದ ಹೊರಗಿನ ಕಮಾನು.

ಡಿಕ್ಕಿಯ ನೆಲ ಏಕೆ ಕೊಳೆಯುತ್ತದೆ ಎಂಬುದನ್ನು ತಿಳಿದುಕೊಳ್ಳದೆ ಹೊಸ ನೆಲ ಹಾಕಿದರೆ ದುಡ್ಡು ದಂಡ. ನೀರು ಬರುವುದು ಹಿಂದಿನ ಗಾಜಿನ ಕೆಳಮೂಲೆಗಳಿಂದ. ಗಾಜಿನ ಸುತ್ತಲಿನ ಸ್ಟೀಲ್ ಪಟ್ಟಿಯ ಕ್ಲಿಪ್ಪುಗಳು ತಗಡಿಗೆ ಬೆಸೆದ ಗುಬುಟುಗಳ ಮೇಲೆ ಕೂರುತ್ತವೆ. ಆ ಸಂದಿಯಲ್ಲಿ ನೀರು ನಿಂತು ತಗಡು ತೂತಾಗುತ್ತದೆ. ತೂತಿನಿಂದ ಇಳಿದ ನೀರು ಡಿಕ್ಕಿಯಲ್ಲಿ ಹರಡಿ, ಪಕ್ಕದ ಗುಂಡಿಗಳಲ್ಲಿ ಸೇರಿ, ಕ್ವಾರ್ಟರ್ ತಗಡಿನ ಕೆಳಭಾಗವನ್ನು ಒಳಗಿನಿಂದ ತಿನ್ನುತ್ತದೆ. ಮೇಲ್ಛಾವಣಿಗೆ ವಿನೈಲ್ ಹೊದಿಸಿದ ಗಾಡಿಯಲ್ಲಿ ಇದೆಲ್ಲ ಇನ್ನೂ ಜೋರು, ಏಕೆಂದರೆ ಬಟ್ಟೆಯ ಅಡಿ ತೇವ ಆರುವುದೇ ಇಲ್ಲ. ಹಾಗಾಗಿ ದುರಸ್ತಿ ಮೇಲಿನಿಂದ ಕೆಳಕ್ಕೆ: ಮೊದಲು ಗಾಜಿನ ಅಂಚು, ಆಮೇಲೆ ಡಿಕ್ಕಿ ನೆಲ, ಕೊನೆಗೆ ಕ್ವಾರ್ಟರ್.

ಕತ್ತರಿಸುವ ಮೊದಲು ಬಾಗಿಲ ಕಿಂಡಿಗೆ ಅಡ್ಡಡ್ಡ ಚೌಕ ಪೈಪು ಬೆಸೆದು ಬಾಡಿಯನ್ನು ಹಿಡಿದಿಡಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಸಮಮಟ್ಟಕ್ಕೆ ತಂದು, ಮೂಲೆಯಿಂದ ಮೂಲೆಗೆ ಅಳೆದು ಬರೆದುಕೊಳ್ಳಿ. ಸ್ಪಾಟ್ ವೆಲ್ಡುಗಳನ್ನು ಅದಕ್ಕೆಂದೇ ಇರುವ ಕಟರ್‌ನಿಂದ ಮೇಲಿನ ತಗಡಿನಷ್ಟೇ ಆಳ ಕೊರೆದು ಬಿಡಿಸಿ. ಹೊಸ ತಗಡಿನ ಅಂಚಿಗೆ 8 ಮಿ.ಮೀ. ತೂತು ಹಾಕಿ, ಆ ತೂತು ತುಂಬುವಂತೆ ವೆಲ್ಡ್ ಮಾಡಿ. ಒಂದರ ಮೇಲೊಂದು ಕೂರುವ ಎರಡೂ ಮುಖಗಳಿಗೆ ಸತುವಿನ ವೆಲ್ಡ್-ತ್ರೂ ಪ್ರೈಮರ್ ಇರಲಿ, ತೂತಿನ ನಡುವೆ ಮಾತ್ರ ಬರಿ ಲೋಹ.

ಮಿಗ್ ವೆಲ್ಡಿಂಗ್ ಯಂತ್ರಕ್ಕೆ 0.6 ಮಿ.ಮೀ. ತಂತಿ ಸಾಕು. ಕ್ವಾರ್ಟರಿನಂಥ ಅಗಲ ತಗಡಿನಲ್ಲಿ ಉದ್ದಕ್ಕೆ ಗೀರೆಳೆದಂತೆ ವೆಲ್ಡ್ ಮಾಡಿದರೆ ಶಾಖಕ್ಕೆ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಪುಟ್ಟಿ ಮೆತ್ತಿದರೂ ಬೆಳಕಿನಲ್ಲಿ ಅಲೆ ಕಾಣುತ್ತದೆ. 25 ಮಿ.ಮೀ.ಗೊಂದು ಚುಕ್ಕಿ ಇಟ್ಟು, ಕೈ ಮುಟ್ಟುವಷ್ಟು ಆರಿದ ಮೇಲೆ ನಡುವೆ ಇನ್ನೊಂದು, ಹೀಗೇ ತುಂಬುತ್ತ ಹೋಗಿ. ಮರಳು ಬ್ಲಾಸ್ಟಿಂಗ್ ರೈಲು, ಆಕ್ಸಲ್‌ಗಳಿಗೆ ಸರಿ. ಬಾನೆಟ್, ಬಾಗಿಲು, ಛಾವಣಿಗೆ ಬೇಡ.

ಕ್ವಾರ್ಟರ್ ಬೆಸೆಯುವ ಮೊದಲು ಬಾಗಿಲು, ಡಿಕ್ಕಿ ಮುಚ್ಚಳ, ಹಿಂದಿನ ಬಂಪರ್, ಲೈಟು ಎಲ್ಲವನ್ನೂ ಜೋಡಿಸಿ ಸಂದಿ ಸರಿಯಿದೆಯೇ ನೋಡಬೇಕು, ಅದೂ ಚಕ್ರದ ಮೇಲೆ ಭಾರ ಇಟ್ಟು. ಬಾಗಿಲ ಹಿಂಜ್ ಪಿನ್ ಸವೆದಿದ್ದರೆ ಮೊದಲು ಅದನ್ನು ಬದಲಿಸಿ. ಇಳಿಬಿದ್ದ ಬಾಗಿಲಿಗೆ ಹೊಂದಿಸಿ ಕ್ವಾರ್ಟರ್ ಕೂರಿಸಿದರೆ ಆಮೇಲೆ ಏನೂ ಮಾಡಲಾಗದು.

ಬಣ್ಣದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಬರಿ ಲೋಹದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ಆಮೇಲೆ ಉಜ್ಜುವ ಪ್ರೈಮರ್. ಪುಟ್ಟಿಯ ಅಡಿ ಬರಿ ಲೋಹವಿದ್ದರೆ ತೇವ ಹೊಕ್ಕಾಗ ತಡೆಯುವುದು ಏನೂ ಇರುವುದಿಲ್ಲ.

ಎಂಜಿನ್

383ರ ಬೋರ್ 4.250 ಇಂಚು, ಸ್ಟ್ರೋಕ್ 3.375 ಇಂಚು. ಬೋರ್ ಮೇಲೆ, ಕೆಳಗೆ, ಅಡ್ಡ, ಉದ್ದ ಅಳೆದು 0.010 ಇಂಚು ಮೀರಿ ಇಳಿಜಾರಾಗಿದ್ದರೆ 0.030 ಓವರ್‌ಸೈಜ್ ಪಿಸ್ಟನ್. ಬೋರಿಂಗ್ ಅಂಗಡಿಯಲ್ಲಿ ಹೆಡ್ಡಿನ ಜಾಗಕ್ಕೆ ಟಾರ್ಕ್ ಪ್ಲೇಟ್ ಬಿಗಿದು ಹೋನ್ ಮಾಡಿಸಿ. ಪಿಸ್ಟನ್ ಕೈಗೆ ಬರುವ ಮೊದಲು ಬ್ಲಾಕ್ ಕೊಡಬೇಡಿ, ಬೋರ್ ಅನ್ನು ಆ ಪಿಸ್ಟನ್ನಿಗೆ ಅಳೆದೇ ಮುಗಿಸಬೇಕು. ರಿಂಗ್ ಬಾಯಿಯ ಸಂದಿ ಬೋರಿನ ಪ್ರತಿ ಇಂಚಿಗೆ 0.004, ಅಂದರೆ ಇಲ್ಲಿ ಸುಮಾರು 0.017 ಇಂಚು.

ಬಿಗಿತ: ಮೇನ್ ಕ್ಯಾಪ್ 85 ಅಡಿ-ಪೌಂಡ್, ಕನೆಕ್ಟಿಂಗ್ ರಾಡ್ 45, ಹೆಡ್ 70.

ಹೆಡ್ಡಿನಲ್ಲಿ ಗಮನ ಕೊಡಬೇಕಾದ್ದು ಎಕ್ಸಾಸ್ಟ್ ಸೀಟು. ಆ ಕಾಲದ ಪೆಟ್ರೋಲಿನಲ್ಲಿದ್ದ ಸೀಸ ಸೀಟಿಗೂ ವಾಲ್ವಿಗೂ ನಡುವೆ ಮೆತ್ತೆಯಾಗಿ ಕೆಲಸ ಮಾಡುತ್ತಿತ್ತು. ಈಗ ಅದಿಲ್ಲ, ಜೋರಾಗಿ ಓಡಿಸಿದರೆ ಮೆದು ಕಬ್ಬಿಣದ ಸೀಟು ಸವೆದು ವಾಲ್ವು ಹೆಡ್ಡಿನೊಳಕ್ಕೆ ಇಳಿಯುತ್ತ ಹೋಗುತ್ತದೆ. ಹೇಗೂ ಹೆಡ್ ಬಿಚ್ಚಿರುವಾಗ ಗಟ್ಟಿ ಸೀಟ್ ರಿಂಗ್ ಕೂರಿಸಿಬಿಡಿ. ವಾಲ್ವುಗಳು 2.08 ಮತ್ತು 1.74 ಇಂಚಿನವು.

ಬಿಡಿಭಾಗ ಹುಡುಕುವಾಗ ಎಡವುವ ಮೂರು ಕಡೆ ಇವು. 440ರ ಇನ್‌ಟೇಕ್ ಮ್ಯಾನಿಫೋಲ್ಡ್ ಇದಕ್ಕೆ ಕೂರುವುದಿಲ್ಲ, ಆ ಬ್ಲಾಕ್ ಹೆಚ್ಚು ಎತ್ತರದ್ದು, ಅದರ ಹೆಡ್ಡುಗಳ ನಡುವಿನ ಅಗಲವೂ ಹೆಚ್ಚು. 400 ಎಂಜಿನ್ನಿನ ಹಾರ್ಮೋನಿಕ್ ಬ್ಯಾಲೆನ್ಸರ್ ಕೂರುತ್ತದೆ, ಆದರೆ ಎರಕದ ಕ್ರ್ಯಾಂಕಿನ 400ಕ್ಕೆ ಸಮತೂಕದ ಒಂದು ಪಾಲು ಹೊರಗಿನ ಬ್ಯಾಲೆನ್ಸರಿನಲ್ಲೇ ಇದೆ. ಅದನ್ನು ಫೋರ್ಜ್ ಮಾಡಿದ ಕ್ರ್ಯಾಂಕಿನ 383ಕ್ಕೆ ಹಾಕಿದರೆ ಎಂಜಿನ್ ನಡುಗಿ ಬೇರಿಂಗ್ ತಿನ್ನುತ್ತದೆ. ಮೂರನೆಯದು, ಆಟೊಮ್ಯಾಟಿಕ್ ಗಾಡಿಯಿಂದ ಬಂದ ಕ್ರ್ಯಾಂಕು. ಅದರ ಹಿಂಬದಿಯ ತೂತನ್ನು ಪೈಲಟ್ ಬುಷ್ (ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿಗೆ ಆಧಾರವಾಗುವ ಬುಷ್) ಕೂರುವಷ್ಟು ಪೂರ್ತಿ ಕೊರೆಯದೇ ಬಿಟ್ಟಿರುತ್ತಾರೆ. ನಾಲ್ಕು ಗೇರಿನ ಬಾಕ್ಸಿನ ಇನ್‌ಪುಟ್ ಶಾಫ್ಟು ಒಳಗೆ ಹೋಗಿ ತಾಗುತ್ತದೆ, ಬೋಲ್ಟು ಬಿಗಿದು ಎಳೆದರೆ ಥ್ರಸ್ಟ್ ಬೇರಿಂಗ್ ಹಾಳು. ಗೇರ್‌ಬಾಕ್ಸ್ ಕೈಯಲ್ಲೇ ತಳ್ಳಿದರೆ ಪೂರ್ತಿ ಕೂರಬೇಕು. ಕೂರದಿದ್ದರೆ ಅಲ್ಲೇ ನಿಲ್ಲಿಸಿ, ಆಳ ಅಳೆಯಿರಿ.

ಹಿಂದಿನ ಆಕ್ಸಲ್

8¾ ಆಕ್ಸಲಿನ ಗೇರುಗಳ ಗೂಡು ಮುಂದಿನಿಂದ ಇಡಿಯಾಗಿ ಹೊರಬರುತ್ತದೆ. ಮೂರು ಬಗೆ ಇವೆ, ಎರಕದ ನಂಬರಿನ ಕೊನೆಯ ಮೂರು ಅಂಕಿಯಿಂದ ಕರೆಯುತ್ತಾರೆ: 741, 742, 489. ಪಿನಿಯನ್ ಶಾಫ್ಟು 741ರಲ್ಲಿ 1⅜ ಇಂಚು, 742ರಲ್ಲಿ 1¾, 489ರಲ್ಲಿ 1⅞. ಒಂದರ ಗೇರ್ ಸೆಟ್ ಇನ್ನೊಂದಕ್ಕೆ ಆಗದು. 741, 742ರಲ್ಲಿ ಪಿನಿಯನ್ ಬೇರಿಂಗಿನ ಬಿಗಿತ ಹೊಂದಿಸುವುದು ಶಿಮ್‌ನಿಂದ, 489ರಲ್ಲಿ ನಟ್ಟು ಬಿಗಿದಂತೆ ನಜ್ಜಾಗುವ ಕ್ರಷ್ ಸ್ಲೀವ್ ಎಂಬ ಕೊಳವೆಯಿಂದ. 489ರ ಪಿನಿಯನ್ ನಟ್ಟು ಹೆಚ್ಚು ಬಿಗಿಯಾದರೆ ಹಿಂದಕ್ಕೆ ಸಡಿಲಿಸಿ ಸರಿಮಾಡಲು ಬರುವುದಿಲ್ಲ, ಹೊಸ ಸ್ಲೀವ್ ಹಾಕಿ ಮೊದಲಿನಿಂದ ಶುರು ಮಾಡಬೇಕು.

ಚಕ್ರದ ಬೇರಿಂಗುಗಳು ಗ್ರೀಸಿನಲ್ಲಿ ಓಡುವಂಥವು, ಗೇರ್ ಆಯಿಲ್ ಅಲ್ಲಿಗೆ ತಲುಪುವುದಿಲ್ಲ. ಗ್ರೀಸ್ ತುಂಬದೆ ಜೋಡಿಸಿದರೆ ಬೇರಿಂಗ್ ಸುಡುತ್ತದೆ. ಮೊದಲು ಎಡದ ಶಾಫ್ಟ್ ಕೂರಿಸಿ ಬಿಗಿಯಿರಿ, ಆಮೇಲೆ ಬಲದ್ದು. ಬಲತುದಿಯಲ್ಲಿರುವ ಅಡ್ಜಸ್ಟರ್ ತಿರುಗಿಸಿ, ಡಯಲ್ ಗೇಜಿನಲ್ಲಿ ಎಂಡ್ ಪ್ಲೇ (ಶಾಫ್ಟ್ ಒಳಗೆ ಹೊರಗೆ ಆಡುವ ಸಂದಿ) 0.008ರಿಂದ 0.018 ಇಂಚಿನೊಳಗೆ ತನ್ನಿ. ನಡುವೆ ಥ್ರಸ್ಟ್ ಬ್ಲಾಕ್ ಇರುವುದರಿಂದ ಎರಡೂ ಶಾಫ್ಟಿನ ಆಟವನ್ನು ಈ ಒಂದು ಅಡ್ಜಸ್ಟರೇ ಹಿಡಿಯುತ್ತದೆ.

ವೈರಿಂಗ್

ಈ ಗಾಡಿಗಳು ಸುಟ್ಟುಹೋಗುವುದು ಇಲ್ಲಿಂದಲೇ, ಆದ್ದರಿಂದ ಸ್ವಲ್ಪ ವಿವರವಾಗಿ. ಆಲ್ಟರ್ನೇಟರಿನಿಂದ ಹೊರಟ ಕಪ್ಪು ತಂತಿ ಫೈರ್‌ವಾಲ್‌ನ ಪ್ಲಾಸ್ಟಿಕ್ ಕನೆಕ್ಟರ್ ದಾಟಿ ಡ್ಯಾಶ್‌ನ ಆಮೀಟರಿಗೆ ಹೋಗುತ್ತದೆ. ಅಲ್ಲಿಂದ ಕೆಂಪು ತಂತಿ ಮತ್ತೆ ಅದೇ ಕನೆಕ್ಟರ್ ದಾಟಿ, ಫ್ಯೂಸಿಬಲ್ ಲಿಂಕ್ (ಕರೆಂಟು ಮಿತಿಮೀರಿದರೆ ಫ್ಯೂಸಿನಂತೆ ಕರಗುವ ತಂತಿಯ ತುಂಡು) ಮೂಲಕ ಸ್ಟಾರ್ಟರ್ ರಿಲೇಗೆ, ಬ್ಯಾಟರಿಗೆ. ಅಂದರೆ ಚಾರ್ಜಿಂಗ್ ಕರೆಂಟು ಪೂರ್ತಿ ಕಾಲಿಂಚಿನ ಚಪ್ಪಟೆ ಟರ್ಮಿನಲ್ಲಿನ ಮೂಲಕ ಎರಡು ಸಲ ಹಾಯುತ್ತದೆ. ಐವತ್ತು ವರ್ಷದಲ್ಲಿ ಟರ್ಮಿನಲ್ ಮಂಕಾಗಿ, ಹಿಡಿತ ಸಡಿಲಾಗಿ, ಅಲ್ಲಿ ಶಾಖ ಹುಟ್ಟುತ್ತದೆ. ಶಾಖಕ್ಕೆ ಹಿಡಿತ ಇನ್ನೂ ಸಡಿಲ, ಅದರಿಂದ ಇನ್ನೂ ಶಾಖ. ಕನೆಕ್ಟರ್ ಬಿಚ್ಚಿ ನೋಡಿದರೆ ಕೆಂಪು, ಕಪ್ಪು ತಂತಿಯ ಗೂಡು ಕಂದಾಗಿ ಕರಗಿರುವುದು ಕಾಣುತ್ತದೆ.

ಬಿಚ್ಚದೆಯೂ ಪರೀಕ್ಷಿಸಬಹುದು. ಎಂಜಿನ್ 1500 ಆರ್‌ಪಿಎಂನಲ್ಲಿ, ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಸ್ಟಡ್ಡಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಬಿಸಿಯಾಗುತ್ತಿದೆ.

ಪರಿಹಾರ: ಆಲ್ಟರ್ನೇಟರ್ ಸ್ಟಡ್ಡಿನಿಂದ ಸ್ಟಾರ್ಟರ್ ರಿಲೇಯ ಬ್ಯಾಟರಿ ಸ್ಟಡ್ಡಿಗೆ ನೇರವಾಗಿ 8 ಗೇಜ್ ತಂತಿ, ಅದಕ್ಕೆ 12 ಗೇಜಿನ ಫ್ಯೂಸಿಬಲ್ ಲಿಂಕ್. ಲಿಂಕ್ ತಂತಿಗಿಂತ ನಾಲ್ಕು ಗೇಜ್ ಸಣ್ಣದಿರಬೇಕು, ಮೂಲ 12 ಗೇಜ್ ತಂತಿಗೆ ಕಂಪನಿ 16 ಗೇಜ್ ಲಿಂಕ್ ಕೊಟ್ಟಿದ್ದೂ ಇದೇ ಲೆಕ್ಕದಲ್ಲಿ. ಲಿಂಕ್ ಬದಲು ಮಾಮೂಲಿ ತಂತಿ ಹಾಕಬೇಡಿ, ಅದರ ಹೊದಿಕೆ ಉರಿಯುತ್ತದೆ. ಹಳೆಯ ಕನೆಕ್ಟರಿನ ಟರ್ಮಿನಲ್‌ಗಳನ್ನು ಹೊಸದಾಗಿ ಕ್ರಿಂಪ್ ಮಾಡಿ. ಆಮೀಟರಿನ ಸ್ಟಡ್ಡುಗಳ ಇನ್ಸುಲೇಟರ್ ಪುಡಿಯಾಗಿದ್ದರೆ ಎರಡೂ ತಂತಿಯನ್ನು ಒಂದೇ ಬೋಲ್ಟಿಗೆ ಕಟ್ಟಿ ಇನ್ಸುಲೇಟ್ ಮಾಡಿ, ಆಮೀಟರನ್ನು ಬಿಟ್ಟು, ವೋಲ್ಟ್‌ಮೀಟರ್ ಹಾಕಿಕೊಳ್ಳಿ. ಮುಳ್ಳು ಆಡದ ಆಮೀಟರ್ ಅಸಲಿತನಕ್ಕೆ ಕುಂದಲ್ಲ, ಡ್ಯಾಶ್ ಸುಡದಿರುವುದು ಮುಖ್ಯ.

ಕೀ ತಿರುಗಿಸಿದಾಗ ಎಂಜಿನ್ ಹತ್ತಿ, ಕೀ ಬಿಟ್ಟ ಕೂಡಲೇ ನಿಂತರೆ ಕಾರ್ಬ್ಯುರೇಟರಿಗೆ ಕೈ ಹಾಕಬೇಡಿ. ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಕರೆಂಟು ನೇರ ಬರುತ್ತದೆ, ಆಮೇಲೆ ಬ್ಯಾಲಸ್ಟ್ ರೆಸಿಸ್ಟರ್ ಮೂಲಕ. ಹೋಗಿರುವುದು ಬಹುತೇಕ ಆ ರೆಸಿಸ್ಟರ್. ಗಾಡಿಯಲ್ಲಿ ಒಂದು ಹೆಚ್ಚಿಗೆ ಇಟ್ಟುಕೊಂಡಿರುವುದು ಮೋಪಾರ್ ಮಂದಿಯ, ಅಂದರೆ ಕ್ರೈಸ್ಲರ್ ಗಾಡಿ ಹುಚ್ಚಿನವರ, ಹಳೆಯ ರೂಢಿ.

ಹೊಸ ಪೆಟ್ರೋಲ್ ಟ್ಯಾಂಕಿನ ಸೆಂಡರನ್ನು (ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ಒಳಗೆ ಕೂರಿಸುವ ಮೊದಲು ಓಂ ಮೀಟರಿನಲ್ಲಿ ನೋಡಿ: ಖಾಲಿಯಲ್ಲಿ 70–80 ಓಂ, ತುಂಬಿದಾಗ ಸುಮಾರು 10.

ಬಿಡಿಭಾಗ ಎಲ್ಲಿ

ನೆಲದ ತಗಡು, ಡಿಕ್ಕಿ, ಕ್ವಾರ್ಟರ್, ರಬ್ಬರು, ಸೀಟಿನ ಹೊದಿಕೆ, ವೈರಿಂಗ್ ಹಾರ್ನೆಸ್ ಹೊಸದಾಗಿ ಸಿಗುತ್ತವೆ. ಬ್ರಾಕೆಟ್, ಪೆಡಲ್, ಕ್ಲಚ್ ಲಿಂಕೇಜ್, ಗಾಜು ಏರಿಸುವ ಯಂತ್ರ, ಇವಕ್ಕೆ ಹಳೆಯವೇ ಉತ್ತಮ. ರೋಡ್ ರನ್ನರ್ ಎಂದೇ ಹುಡುಕಿದರೆ ಬೆಲೆ ಎರಡು ಪಟ್ಟು. ಅದೇ ವರ್ಷದ ಸಾದಾ ಸ್ಯಾಟಲೈಟ್, ಬೆಲ್ವೆಡೇರ್ ಎಂದು ಹುಡುಕಿ, ಒಳಗಿನ ಭಾಗಗಳು ಬಹುಪಾಲು ಒಂದೇ. ಡಾಡ್ಜ್ ಕೊರೊನೆಟ್, ಚಾರ್ಜರ್ ಕೂಡ ಇದೇ ಬಿ-ಬಾಡಿ ಕುಟುಂಬದವು. ಆದರೆ ಪ್ಲಿಮತ್‌ನ ವೀಲ್‌ಬೇಸ್ 116 ಇಂಚು, ಡಾಡ್ಜ್‌ನದು 117, ಹಾಗಾಗಿ ಹಿಂಭಾಗದ ತಗಡು ಕೊಳ್ಳುವ ಮೊದಲು ಟೇಪ್ ಹಿಡಿಯಿರಿ. ಜುಲೈನಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿ ನಡೆಯುವ ಕ್ರೈಸ್ಲರ್ ನ್ಯಾಷನಲ್ಸ್, ಅಕ್ಟೋಬರಿನಲ್ಲಿ ಅದೇ ರಾಜ್ಯದ ಹರ್ಷಿಯಲ್ಲಿ ನಡೆಯುವ ಹಳೆಯ ಗಾಡಿಗಳ ಸಂತೆ, ಇವೆರಡರಲ್ಲಿ ಭಾಗವನ್ನು ಕೈಯಲ್ಲಿ ಹಿಡಿದು, ನಂಬರು ಉಜ್ಜಿ ಓದಿ ಕೊಳ್ಳಬಹುದು. ಹಳೆಯ ಭಾಗದ ಫೋಟೋ, ಅಳತೆ, ನಂಬರು ಜೇಬಿನಲ್ಲಿರಲಿ.

ಮೊದಲ ಸ್ಟಾರ್ಟ್

ಕ್ಯಾಮ್ ಹಳೆಯ ಮಾದರಿಯ ಫ್ಲಾಟ್ ಟ್ಯಾಪೆಟ್, ಅಂದರೆ ಲಿಫ್ಟರಿನ ತಳಕ್ಕೆ ರೋಲರ್ ಇಲ್ಲ, ಅದು ಕ್ಯಾಮಿನ ಉಬ್ಬುಗಳ (ಲೋಬುಗಳ) ಮೇಲೆ ಉಜ್ಜುತ್ತಲೇ ಓಡುತ್ತದೆ. ಲೋಬುಗಳಿಗೆ ಮಾಲಿ (ಮಾಲಿಬ್ಡಿನಂ) ಪೇಸ್ಟ್ ಹಚ್ಚಿರಬೇಕು. ಹೆಚ್ಚು ಸತು-ರಂಜಕ ಇರುವ ಬ್ರೇಕ್-ಇನ್ ಆಯಿಲ್ ಹಾಕಿ. ಡಿಸ್ಟ್ರಿಬ್ಯೂಟರ್ ಮತ್ತು ಅದರ ಕೆಳಗಿನ ಡ್ರೈವ್ ಶಾಫ್ಟ್ ತೆಗೆದು, 5/16 ಇಂಚಿನ ಹೆಕ್ಸ್ ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ ಆಯಿಲ್ ಒತ್ತಡ ಬರಿಸಿ, ರಾಕರ್ ಮೇಲೆ ಆಯಿಲ್ ಕಾಣುವ ತನಕ. ಶಾಫ್ಟ್ ಮತ್ತೆ ಇಳಿಸುವಾಗ ಒಂದನೇ ಸಿಲಿಂಡರ್ ಕಂಪ್ರೆಷನ್ನಿನ ತುದಿಯಲ್ಲಿರಲಿ, ಶಾಫ್ಟಿನ ಮೇಲಿನ ಸೀಳು ಕ್ರ್ಯಾಂಕಿಗೆ ಸಮಾಂತರವಾಗಿ ನಿಲ್ಲಲಿ. ಫೈರಿಂಗ್ ಕ್ರಮ 1-8-4-3-6-5-7-2, ರೋಟರ್ ತಿರುಗುವುದು ಗಡಿಯಾರದ ವಿರುದ್ಧ ದಿಕ್ಕಿಗೆ.

ಕಾರ್ಬ್ಯುರೇಟರ್ ಬೌಲಿಗೆ ಪೆಟ್ರೋಲ್ ತುಂಬಿಡಿ, ಸೆಲ್ಫ್ ಹೊಡೆಯುತ್ತ ಕೂರಬಾರದು. ಕ್ಯಾಮ್‌ಗೆ ಆಯಿಲ್ ಬೀಳುವುದು ಕ್ರ್ಯಾಂಕಿನಿಂದ ಸಿಡಿದು, ಐಡಲ್ ವೇಗದಲ್ಲಿ ಅದು ಸಾಲದು. ಹತ್ತಿದ ಕೂಡಲೇ 2000ದ ಮೇಲಕ್ಕೆ ಏರಿಸಿ, 2000–2500ರ ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ ಓಡಿಸಿ. ಆಯಿಲ್ ಒತ್ತಡ ಬೀಳುವುದು, ಕೂಲಂಟ್ ಸೋರುವುದು ಕಂಡರೆ ಐಡಲಿಗೆ ಇಳಿಸಬೇಡಿ, ಎಂಜಿನ್ನನ್ನೇ ಆಫ್ ಮಾಡಿ, ಸರಿಪಡಿಸಿ ಮತ್ತೆ ಹತ್ತಿಸಿ.

ತಣ್ಣಗಾದ ಮೇಲೆ ಆಯಿಲ್ ಇಳಿಸಿ, ಫಿಲ್ಟರಿನ ಡಬ್ಬ ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ಜೋಡಣೆಯ ಪೇಸ್ಟಿನ ಕಪ್ಪು, ಬೆರಳೆಣಿಕೆಯ ಸಣ್ಣ ಕಣಗಳು ಮಾಮೂಲು. ಮಡಿಕೆ ತುಂಬ ಬೆಳ್ಳಿಯಂತೆ ಹೊಳೆಯುವ, ಅಯಸ್ಕಾಂತಕ್ಕೆ ಅಂಟುವ ಪುಡಿ ಇದ್ದರೆ ಲೋಬು ಸವೆಯುತ್ತಿದೆ. ವಾಲ್ವ್ ಕವರ್ ಬಿಚ್ಚಿ, ಡಯಲ್ ಗೇಜಿನಲ್ಲಿ ಹದಿನಾರೂ ಪುಶ್‌ರಾಡ್‌ಗಳ ಎತ್ತುವಿಕೆ ಅಳೆಯಿರಿ. ಇನ್‌ಟೇಕ್‌ಗಳನ್ನು ಇನ್‌ಟೇಕ್‌ಗಳ ಜೊತೆ, ಎಕ್ಸಾಸ್ಟ್‌ಗಳನ್ನು ಎಕ್ಸಾಸ್ಟ್‌ಗಳ ಜೊತೆ ಹೋಲಿಸಿದಾಗ ಒಂದು ಉಳಿದವಕ್ಕಿಂತ ಕಡಿಮೆ ಎತ್ತುತ್ತಿದ್ದರೆ ಕ್ಯಾಮ್ ಮತ್ತು ಹದಿನಾರು ಲಿಫ್ಟರ್‌ಗಳನ್ನೂ ಬದಲಿಸಿ, ಆಯಿಲ್ ಪ್ಯಾನ್ ಇಳಿಸಿ ಒಳಗಿನ ಪುಡಿ ಪೂರ್ತಿ ತೊಳೆಯಬೇಕು. ಸರಿಯಿದ್ದರೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, 500 ಮೈಲಿಗೆ ಇನ್ನೊಮ್ಮೆ ಬದಲಿಸಿ. ಅದೇ ಹೊತ್ತಿಗೆ ಲೀಫ್ ಸ್ಪ್ರಿಂಗಿನ ಯು-ಬೋಲ್ಟು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಟ್ಟುಗಳನ್ನೂ ಒಂದು ಸುತ್ತು ಪರೀಕ್ಷಿಸಿ.